ದೇವರ ಗೂಡಿನ ಮಾತ್ರೆ

ಒಬ್ಬ ತಾಯಿ ಮಗಳಿಗೆ ಜಡೆ ಹಾಕುತ್ತಿದ್ದಳು. ಯಾವ ಊರು ಎಂದು ಕೇಳಬೇಡಿ, ನಿಮ್ಮದೇ ಬೀದಿ ಎಂದುಕೊಳ್ಳಿ. ಮಗಳು ಎಳೆಕೂಸಲ್ಲ, ಕಾಲೇಜಿಗೆ ಹೋಗುವವಳು. ಆದರೆ ಚಿಕ್ಕಂದಿನಿಂದ ಕೀಲುವಾತ. ಬೆಳಗಿನ ಹೊತ್ತು ಬೆರಳು ಮಡಚಲಾಗದು, ಕಾಲು ಚಾಚಲಾಗದು. ಈ ಕಾಯಿಲೆ ಮುದುಕರಿಗಷ್ಟೇ ಎಂದು ತಿಳಿದಿದ್ದೀರಾ? ಮಕ್ಕಳಿಗೂ ಬರುತ್ತದೆ, ನೋಡಿ.

ತಾಯಿ ಒಳ್ಳೆಯವಳು. ಜಡೆ ಅವಳೇ ಹಾಕುವಳು, ಪುಸ್ತಕದ ಚೀಲ ಅವಳೇ ಹೊರುವಳು. ವಾರಕ್ಕೊಮ್ಮೆ ನುಂಗುವ ಮಾತ್ರೆಯೊಂದಿತ್ತು. ಮರೆಯಬಾರದೆಂದು ಅದರ ಡಬ್ಬಿಯನ್ನು ದೇವರ ಗೂಡಿನಲ್ಲೇ ಇಟ್ಟಿದ್ದಳು. ಸೋಮವಾರ ಪೂಜೆ, ಮಂಗಳಾರತಿ, ತೀರ್ಥ; ತೀರ್ಥದ ಹಿಂದೆಯೇ ಮಾತ್ರೆ.

"ಬಾಯ್ ತೆಗಿ ಮಗಳೇ."

"ಇದು ಯಾತಕ್ಕಮ್ಮ?"

"ನಿಂಗ್ಯಾಕೆ ಅದೆಲ್ಲ? ನಾನಿಲ್ವಾ?"

ನಾನಿಲ್ವಾ! ಎಷ್ಟು ಪ್ರೀತಿಯ ಮಾತು. ಇದನ್ನು ನೆನಪಿಟ್ಟುಕೊಳ್ಳಿ.

ಮಕ್ಕಳ ಡಾಕ್ಟರಮ್ಮ ಹೋದ ವರ್ಷವೇ ಹೇಳಿದ್ದರು: "ಹದಿನೆಂಟಾದ್ಮೇಲೆ ದೊಡ್ಡವರ ಡಾಕ್ಟರ ಹತ್ರ ಹೋಗ್ಬೇಕು. ನನ್ನ ಚೀಟಿ ನಾನು ಕೊಡ್ತೀನಿ. ಆದ್ರೆ ತನ್ನ ಕಾಯಿಲೆ ವಿಷಯ ಅವಳೇ ಒಂದು ಕಾಗದ ಬರೆದು ಅವರಿಗೆ ಕಳಿಸ್ಲಿ." ಹಬ್ಬ ಮುಗಿಯಲಿ ಎಂದಳು ತಾಯಿ. ಪರೀಕ್ಷೆ ಮುಗಿಯಲಿ ಎಂದಳು. ಕಾಗದ ಹೋಗದಿದ್ದರೆ ಮಗಳು ಮಗುವಾಗಿಯೇ ಇರುತ್ತಾಳಲ್ಲವೇ?

ಅಷ್ಟರಲ್ಲಿ ಗಂಡನ ದೊಡ್ಡಪ್ಪ ತೀರಿಕೊಂಡರು. ಗಂಡಹೆಂಡಿರು ಹಳ್ಳಿಗೆ ಹೊರಟರು. ಮಗಳಿಗೆ ಪರೀಕ್ಷೆ, ಪಕ್ಕದ ಮನೆಯ ಅಜ್ಜಿಯನ್ನು ಜೊತೆಗೆ ಬಿಟ್ಟರು. ಹೊಸಿಲು ದಾಟುವಾಗ ತಾಯಿ ಏನೆಂದಳು? "ಸೂತಕ ಕಣೇ, ದೇವರ ಗೂಡು ಮುಟ್ಬೇಡ." ಸಾವಿನ ಗಡಿಬಿಡಿಯಲ್ಲಿ ಮಾತ್ರೆಯ ಮಾತು ಮರೆತೇ ಹೋಯಿತು.

ಮಗಳು ಹೇಳಿದಂತೆ ಕೇಳಿದಳು. ಎರಡು ಸೋಮವಾರ ಹಾಗೆಯೇ ಕಳೆದವು. ಕಾರ್ಯ ಮುಗಿಸಿ ತಾಯಿ ಮರಳಿದಾಗ ಮಗಳ ಮಂಡಿ ತೆಂಗಿನಕಾಯಿಯಂತೆ ಊದಿತ್ತು. ಹುಡುಗಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು.

ಆಸ್ಪತ್ರೆಗೆ ಓಡಿದರು. "ಎಲ್ಲಿ ನೋವಮ್ಮ?" ಎಂದು ಡಾಕ್ಟರಮ್ಮ ಮಗಳನ್ನು ಕೇಳಿದರು.

"ಬಲಗಡೆ ಮಂಡಿ ಡಾಕ್ಟ್ರೇ, ರಾತ್ರಿಯೆಲ್ಲ ನಿದ್ದೆಯಿಲ್ಲ," ಎಂದಳು ತಾಯಿ.

"ಮಂಡಿ ನಿಮ್ದಾ ಅಮ್ಮ?"

ಡಾಕ್ಟರಮ್ಮ ಮಗಳತ್ತ ತಿರುಗಿದರು. "ಮಾತ್ರೆ ತಗೊಂಡ್ಯಾ?"

"ಇಲ್ಲ ಮೇಡಂ. ಸೂತಕ ಇತ್ತಲ್ಲ."

"ಸೂತಕಕ್ಕೂ ಮಾತ್ರೆಗೂ ಏನಮ್ಮ ಸಂಬಂಧ?"

"ಚಿಕ್ಕೋಳಿದ್ದಾಗಿಂದ ಪೂಜೆ ಆದ್ಮೇಲೇ ಅಮ್ಮ ಕೊಡೋದು. ಮೈಲಿಗೇಲಿ ತಗೋಬಾರ್ದೇನೋ ಅಂದ್ಕೊಂಡೆ."

"ಅದರ ಹೆಸರೇನು?"

ಮಗಳು ತಾಯಿಯ ಮುಖ ನೋಡಿದಳು.

"ಅದು ಏನು ಮಾಡುತ್ತೆ?"

ಮತ್ತೆ ತಾಯಿಯ ಮುಖ.

ಡಾಕ್ಟರಮ್ಮ ಬೈಯಲಿಲ್ಲ. ಮೆಲ್ಲಗೆ ಕೇಳಿದರು: "ದೊಡ್ಡವರ ಡಾಕ್ಟರ ಹತ್ರ ಹೋದ್ಮೇಲೆ ಯಾರ ಮುಖ ನೋಡ್ತೀಯಮ್ಮ?"

ತಪ್ಪು ಯಾರದು, ಹೇಳಿ? ಮಗಳದೇ? ಸೂತಕದ್ದೇ? ದೇವರದೇ? 'ನಾನಿಲ್ವಾ' ಎಂದ ತಾಯಿ ಅಂದು ಇರಲಿಲ್ಲ, ಅಷ್ಟೇ. ಎಲ್ಲ ದಿನವೂ ಇರುವ ತಾಯಿ ಯಾವ ಮನೆಯಲ್ಲಿದ್ದಾಳೆ?

ನೋಡಿ, ಇಂದು ಮನೆಗೆ ಹೋದವರು ಡಬ್ಬಿಯನ್ನು ಗೂಡಿನಿಂದ ಇಳಿಸಿ. ಬೆಳೆದ ಮಕ್ಕಳ ಕೈಗೆ ಕೊಡಿ. ಅದರ ಹೆಸರು ಹೇಳಿಕೊಡಿ, ಯಾತಕ್ಕೆಂದು ಹೇಳಿಕೊಡಿ. ನಿಮಗೇ ಗೊತ್ತಿಲ್ಲವೆಂದರೆ ಇಬ್ಬರೂ ಹೋಗಿ ಕೇಳಿ ಬನ್ನಿ. ಒಂದೇ ದಿನದಲ್ಲಿ ಕೈಬಿಡಿ ಎನ್ನುತ್ತಿಲ್ಲ. ಅವರು ತೆಗೆದುಕೊಳ್ಳಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಡಾಕ್ಟರು ಮಗುವನ್ನು ಕೇಳಿದಾಗ ನೀವು ಉತ್ತರಿಸಬೇಡಿ. ತಡವರಿಸಲಿ, ಬಿಡಿ. ಸ್ವಲ್ಪ ಹೊತ್ತು ಬಾಗಿಲ ಹೊರಗೂ ಕುಳಿತು ಅಭ್ಯಾಸ ಮಾಡಿಕೊಳ್ಳಿ. ಹಿಂದೆ ಕುಳಿತು ನಗುತ್ತಿರುವ ಮಕ್ಕಳೇ, ನಿಮಗೂ ಹೇಳುತ್ತಿದ್ದೇನೆ: ಅಮ್ಮನ ಮುಖ ನೋಡಬೇಡಿ, ಬಾಯಿಬಿಟ್ಟು ಕೇಳಿ.

ಆ ತಾಯಿ ಹಾಗೆಯೇ ಮಾಡಿದಳು. ಡಬ್ಬಿ ಮಗಳ ಮೇಜಿಗೆ ಬಂತು. ಮಗಳು ಕಾಗದ ಬರೆಯಲು ಕುಳಿತಳು. ಬೆರಳು ಸೋತಾಗ ನಿಲ್ಲಿಸಿದಳು, ನೀವಿಕೊಂಡಳು, ಮತ್ತೆ ಬರೆದಳು. "ಕೊಡು, ನಾನು..." ಎಂದ ತಾಯಿ ಅಲ್ಲಿಗೇ ಮಾತು ನುಂಗಿದಳು.

ಮರುದಿನ ಇಬ್ಬರೂ ಬೀದಿಗೆ ಬಂದರು. ಮೂಲೆಯ ಅಂಗಡಿಯ ತನಕ ತಾಯಿ ಜೊತೆಗೆ ನಡೆದು, ಅಲ್ಲೇ ಸೆರಗು ಹಿಡಿದುಕೊಂಡು ನಿಂತಳು. ಮಗಳು ಕುಂಟುತ್ತ ಒಬ್ಬಳೇ ಮುಂದೆ ಹೋಗಿ, ಅಂಚೆ ಡಬ್ಬದ ಬಾಯಿಗೆ ಕಾಗದವನ್ನು ತಾನೇ ಹಾಕಿದಳು.