ಬೇರೆಯವರ ಸಹಾಯವಿಲ್ಲದೆ

ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದಲ್ಲಿ ವಯಸ್ಸಾದ ಟೈಲರೊಬ್ಬರು ಹೆಂಡತಿಯೊಡನೆ ಕುಳಿತಿದ್ದರು. ಕೊರಳಲ್ಲಿನ್ನೂ ಅಳತೆಯ ಟೇಪು ಇತ್ತು. ನರ್ಸ್ ಕೊಟ್ಟ ಫಾರಂ ಆಕೆಯ ಕೈಯಲ್ಲಿತ್ತು.

“ಕೆಳಗೆ ಬಿದ್ದಿದ್ದನ್ನ ಎತ್ಕೋತೀರಾ ಅಂತ ಕೇಳಿದಾರೆ.”

“ಹೌದು ಅಂತ ಬರಿ.”

“ಸೂಜಿ ಬಿದ್ರೆ ಎತ್ಕೊಡೋದು ನಾನಲ್ವಾ?”

“ಸಿಗುತ್ತೆ ತಾನೇ? ಬರಿ.”

“ಶೂ ಹಾಕ್ಕೋತೀರಾ?”

“ದಿನಾ ಹಾಕ್ಕೊಂಡೇ ಅಂಗಡಿಗೆ ಹೋಗಲ್ವೇನೇ?”

“ಹಾಕೋದು ನಾನು ರೀ. ಮೂರು ವರ್ಷ ಆಯ್ತು. ಇಲ್ಲಿ ಬೇರೆಯವರ ಸಹಾಯ ಇಲ್ಲದೆ ಅಂತಿದೆ.”

“ನೀನ್ಯಾವಾಗ ಬೇರೆಯವಳಾದೆ?”

ಅವರು ನಕ್ಕರು. ಆಕೆ ನಗಲಿಲ್ಲ.

“ನನ್ನ ಸೊಂಟಾನೂ ಹಿಡ್ಕೊಂಡಿದೆ ರೀ. ಬಗ್ಗಿದ್ರೆ ಗೋಡೆ ಹಿಡ್ಕೊಂಡೇ ಏಳ್ಬೇಕು.”

“ಯಾವಾಗಿಂದ?”

“ಹೋದ ವರ್ಷದಿಂದ.”

“ಒಂದು ಮಾತು ಹೇಳ್ಬಾರದಾ?”

“ಹೇಳಿದ್ರೆ ನೀವು ಅಂಗಡಿಗೆ ಹೋಗ್ತಿದ್ರಾ?”

ಟೈಲರು ತಮ್ಮ ಶೂಗಳನ್ನು ನೋಡಿದರು.

“ಎಲ್ಲದಕ್ಕೂ ಇಲ್ಲ ಅಂತ ಬರಿ. ಇನ್ನೊಂದು ಫಾರಂ ಕೇಳು.”

“ಯಾರಿಗೆ?”

“ನಿನಗೆ ಕಣೇ.”

ನರ್ಸ್ ಕರೆದಳು. ಒಬ್ಬರ ತೋಳನ್ನೊಬ್ಬರು ಹಿಡಿದು ಎದ್ದರು. ಯಾರು ಯಾರನ್ನು ಎಬ್ಬಿಸಿದರೋ ನನಗೆ ತಿಳಿಯಲಿಲ್ಲ. ಆಕೆಯ ಕೈಯಿಂದ ಪೆನ್ನು ಜಾರಿ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.