ಯಾರ ಪೈಕಿ?

ಕರೆಂಟು ಹೋದರೆ ಹೋಗಲಿ ಬಿಡಿ. ಆ ಟಾರ್ಚನ್ನೂ ಆರಿಸಿ, ಬ್ಯಾಟರಿ ಯಾಕೆ ದಂಡ? ಬಿರುಗಾಳಿ ನಿಲ್ಲೋ ತನಕ ಈ ಫೈರ್ ಸ್ಟೇಷನ್ನಲ್ಲೇ ಕೂತಿರಬೇಕಲ್ಲ, ಹೇಳೇಬಿಡ್ತೀನಿ. ಅವರಿವರ ಬಾಯಿಂದ ಬಂದ ಕತೆ ಅಲ್ಲ ಇದು. ನನ್ನ ಚಿಕ್ಕಮ್ಮನ ಮಗಳು ಡಾರ್ಕಸ್‌ಗೆ ಆಗಿದ್ದು. ಅರ್ಧ ನಾನೇ ಕಿವಿಯಾರೆ ಕೇಳಿದ್ದು.

ಅವತ್ತು ಡಾರ್ಕಸ್ ಲೈಬ್ರರಿಗೆ ಬೀಗ ಹಾಕಿ ಮನೆಗೆ ನಡೆದು ಬರ್ತಿದ್ದಳು. ಡಿಸೆಂಬರ್ ತಿಂಗಳು. ನಮ್ಮ ಕ್ವಿನ್ಸೆಟ್‌ನಲ್ಲಿ ಡಿಸೆಂಬರ್ ಅಂದ್ರೆ ಗೊತ್ತಲ್ಲ, ಮಧ್ಯಾಹ್ನ ಉಂಡಿದ್ದು ಅರಗೋ ಮುಂಚೆ ಕತ್ತಲು. ಊರು ಮುಗಿಯೋ ಕಡೆ, ಗಡಿಕಲ್ಲಿನ ಪಕ್ಕ, ಹಳೇ ಬಾವಿ. ಅದರಾಚೆ ನನ್ನ ಹುಲ್ಲುಗಾವಲು, ಆಮೇಲೆ ಅವಳ ಮನೆ. ಇನ್ನೇನು ಬಾವಿ ಬಂತು ಅನ್ನೋವಾಗ ಹಿಂದುಗಡೆ...

ಟಣ್.

ನಿಂತಳು. ಸದ್ದೂ ನಿಂತಿತು. ಮತ್ತೆ ನಡೆದಳು.

ಟಣ್... ಟಣ್...

ಹೆಪ್ಪುಗಟ್ಟಿದ ರಸ್ತೆಗೆ ಹಿತ್ತಾಳೆ ಬಡಿದ ಸದ್ದು. ಕೋಲೂರಿಕೊಂಡು ಯಾರೋ ಬರ್ತಿದಾರೆ. ಕೋಲಿನ ಸದ್ದು ಕೇಳುತ್ತೆ, ಕಾಲಿನ ಸದ್ದು ಇಲ್ಲ. ಬೆನ್ನ ಹಿಂದೆಯೇ ಒಂದು ಪಿಸುದನಿ.

"ಯಾರ ಪೈಕಿ?"

ಡಾರ್ಕಸ್‌ಗೆ ಹೆದರಿಕೆ ಆಗಲಿಲ್ಲ, ಮೈ ಉರಿದುಹೋಯ್ತು. ಇದು ಆ ಎಲಿಯಟ್‌ನದೇ ಕಿತಾಪತಿ ಅಂದುಕೊಂಡಳು. ಹಾಗೆ ಅಂದುಕೊಳ್ಳೋಕೆ ಕಾರಣ ಇತ್ತು.

ಅವಳ ಅಮ್ಮ, ನಮ್ಮ ಹೆಪ್ಸಿ ಚಿಕ್ಕಮ್ಮ, ಹಾಸಿಗೆ ಹಿಡಿದಿದ್ದಳು. ಹೋಗೋ ಮುಂಚೆ ಅವಳಿಗೆ ಒಂದೇ ಆಸೆ. ಗುಡ್ಡದ ಮೇಲಿನ ಹಳೇ ಸ್ಮಶಾನದಲ್ಲಿ ಮಲಗಬೇಕು. "ಬದುಕೆಲ್ಲ ಗಡಿಯಾಚೆ ಕಳೆದೆ, ಸತ್ತಾದ್ರೂ ಊರೊಳಗೆ ಇರ್ತೀನಿ" ಅಂತಿದ್ದಳು. ಅಲ್ಲಿ ಉಳಿದಿದ್ದು ಒಂದೇ ಜಾಗ, ಗೋಡೆಗೂ ಸೀಡರ್ ಮರಕ್ಕೂ ಮಧ್ಯೆ. ಆದರೆ ಎಲ್ನಾಥನ್ ಕಾರ್ಬಿಯ ವಂಶದವರಿಗೆ ಮಾತ್ರ ಆ ಗುಡ್ಡದ ಮಣ್ಣು. ಇಂಗ್ಲೆಂಡಿನಿಂದ ಹಡಗಲ್ಲಿ ಬಂದು ಈ ಊರಿಗೆ ಮೊದಲ ಗುದ್ದಲಿ ಹಾಕಿದವನು, ಊರಿನ ಮೊದಲ ತಳವಾರ, ಆ ಕಾರ್ಬಿ. ನಮ್ಮೂರಲ್ಲಿ ಸತ್ತವರಿಗಿರೋ ಮರ್ಯಾದೆ ಬದುಕಿದವರಿಗಿಲ್ಲ, ಬಿಡಿ.

ಡಾರ್ಕಸ್ ವರ್ಷಗಟ್ಟಲೆ ಕೂತು ವಂಶ ಹುಡುಕಿದಳು. ತಾಯಿ, ತಾಯಿಯ ತಾಯಿ, ಅವಳ ತಾಯಿ... ಹೀಗೆ ಹಿಂದೆ ಹಿಂದೆ ಹೋಗಿ ಪೇಷನ್ಸ್ ಅನ್ನೋ ಹುಡುಗಿ ಹತ್ತಿರ ನಿಂತುಬಿಟ್ಟಳು. ಪೇಷನ್ಸ್ ಬೆಳೆದಿದ್ದು ಎಲ್ನಾಥನ್ ಮನೆಯಲ್ಲಿ. ಅಂದಮೇಲೆ ಅವನ ಮಗಳೇ ಅಂತ ಡಾರ್ಕಸ್ ವಾದ. ಗುಡ್ಡದ ಕಮಿಟಿಯ ಯಜಮಾನ ಎಲಿಯಟ್ ಕಾರ್ಬಿ ಮೂಗು ಮುರಿದ. ಮನೆಯಲ್ಲಿ ಬೆಳೆದದ್ದೆಲ್ಲ ಮಗಳಾದರೆ ನಮ್ಮನೆ ಬೆಕ್ಕೂ ಕಾರ್ಬಿಯೇ ಅಂದ. ಆ ಜಾಗದ ಮೇಲೆ ಅವನಿಗೇ ಕಣ್ಣು ಅಂತ ಇವಳಿಗೆ ಗುಮಾನಿ. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಚಿಕ್ಕಮ್ಮನಿಗೆ ಇನ್ನೊಂದು ಹುಚ್ಚೂ ಇತ್ತು. ವರ್ಷದ ಮೊದಲ ಹಿಮ ಬಿದ್ದ ದಿನ ಒಂದು ಜೊತೆ ಉಣ್ಣೆ ಕೈಗವಸು ಬಾವಿಕಟ್ಟೆ ಮೇಲೆ ಇಟ್ಟು ಬರೋದು. ಅವಳಮ್ಮನೂ ಇಡ್ತಿದ್ದಳಂತೆ, ಅಜ್ಜಿಯೂ ಇಡ್ತಿದ್ದಳಂತೆ. ಆ ವರ್ಷ ಕಾಲು ಬಿದ್ದುಹೋಗಿತ್ತಲ್ಲ, ಕೆಂಪು ಉಣ್ಣೆಯಲ್ಲಿ ಒಂದು ಜೊತೆ ಹೆಣೆದು ಡಾರ್ಕಸ್ ಕೈಗೆ ಕೊಟ್ಟಿದ್ದಳು. ಇವಳು ಹೂಂ ಹೂಂ ಅಂದು ಡ್ರಾಯರ್‌ಗೆ ಹಾಕಿ ಮರೆತಿದ್ದಳು.

ಹಾಂ, ಬಾವಿ ಹತ್ತಿರ ಇದ್ವಿ. ಡಾರ್ಕಸ್ ತಿರುಗಿಯೂ ನೋಡದೆ ಹೇಳಿದಳು, "ಎಲ್ನಾಥನ್ ಕಾರ್ಬಿ ಪೈಕಿ. ಸಾಕಾ?"

ಓಕ್ ಮರದ ಒಣಗಿದೆಲೆ ಚರಚರ ಅಂತಿತ್ತು, ಅಷ್ಟೇ. ಆಮೇಲೆ...

"ಎಲ್ನಾಥನ್ ನಾನೇ. ನೀನು ನನ್ನವಳಲ್ಲ."

ಗಕ್ಕನೆ ತಿರುಗಿದಳು. ರಸ್ತೆ ಖಾಲಿ. ಕೊಬ್ಬಿನ ದೀಪ ಆರಿಸಿದಾಗ ಬರುತ್ತಲ್ಲ ಕಮಟು, ಆ ವಾಸನೆ ಮಾತ್ರ.

ಆದರೂ ಅವಳ ಹಟ ನೋಡಿ. ಎಲಿಯಟ್‌ನ ಹಿಡಿದೇ ಬಿಡ್ತೀನಿ ಅಂತ ಬಂದ ದಾರಿಯಲ್ಲೇ ಊರಿಗೆ ವಾಪಸ್ ಓಡಿದಳು. ಅವತ್ತು ಇಲ್ಲೇ, ಈ ಸ್ಟೇಷನ್ನಲ್ಲೇ, ಊರಿನವರಿಗೆಲ್ಲ ಊಟ ಇತ್ತು. ಏದುಸಿರು ಬಿಡ್ತಾ ಬಾಗಿಲಲ್ಲಿ ನಿಂತಳು. ಎಲಿಯಟ್ ನನ್ನ ಎದುರೇ ಕೂತು ಕಪ್ಪೆಚಿಪ್ಪಿನ ಸೂಪು ಸೊರ್‌ ಅಂತ ಹೀರ್ತಿದ್ದ. ಕತ್ತಲಾಗೋ ಮುಂಚಿನಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವನ ಊರುಗೋಲು ಕುರ್ಚಿಗೆ ಒರಗಿತ್ತು. ಅದರ ತುದಿಗೆ ರಬ್ಬರ್.

ಅವಳ ಗುಮಾನಿ ಆಗ ನನ್ನ ಕಡೆ ತಿರುಗಿತು. ವಂಶ ಹುಡುಕೋಳು ಅಂತ ನಾನು ಯಾವಾಗಲೂ ಕಿಚಾಯಿಸ್ತಿದ್ದೆನಲ್ಲ. ಮೂಲೆಗೆ ಎಳೆದುಕೊಂಡು ಹೋಗಿ, "ಅಮೋಸ್, ನಿಜ ಹೇಳು, ಯಾರನ್ನ ಬಿಟ್ಟು ಮಾಡಿಸ್ತಿದೀಯ?" ಅಂದಳು. ನಂಗೆ ಹಸು ಕರೆಯೋಕೇ ಪುರುಸೊತ್ತಿಲ್ಲ, ದೆವ್ವ ಎಲ್ಲಿಂದ ತರಲಿ ಅಂದೆ. ನಂಬಲಿಲ್ಲ. ಸರಿ ಮಾರಾಯ್ತಿ, ನಾಳೆ ನಿನ್ನ ಜೊತೆ ನಾನೇ ಬರ್ತೀನಿ ಅಂದೆ.

ಮಾರನೇ ಸಂಜೆ ಇಬ್ಬರೂ ಹೊರಟ್ವಿ. ನಾನು ತಮಾಷೆ ಮಾಡ್ಕೊಂಡೇ ಬರ್ತಿದ್ದೆ. ಚರ್ಚ್ ದಾಟಿದ ಮೇಲೆ...

ಟಣ್.

ನನ್ನ ಬಾಯಿ ಬಂದ್ ಆಯ್ತು.

ಟಣ್... ಟಣ್...

ಅವಳ ಕಿವಿಯಲ್ಲಿ ಹೇಳಿದೆ, "ತಿರುಗಬೇಡ. ನಡಿ."

ಆ ಸದ್ದು ಯಾವುದರದ್ದು ಅಂತ ನನಗೆ ಗೊತ್ತಿತ್ತು. ನಿಮಗೂ ಗೊತ್ತು. ಟೌನ್ ಹಾಲಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದಾರಲ್ಲ, ತಳವಾರನ ಕರೀ ಕೋಲು, ತುದಿಗೆ ಹಿತ್ತಾಳೆ ಅಣಸು ಇರೋದು. ಊರಹಬ್ಬದ ದಿನ ಎಲಿಯಟ್ ಎದೆಯುಬ್ಬಿಸಿಕೊಂಡು ಹಿಡ್ಕೊಂಡು ಹೋಗ್ತಾನೆ, ನಾವು ಚಪ್ಪಾಳೆ ತಟ್ಟುತೀವಿ. ಆ ಕೋಲಿನ ಕೆಲಸ ಏನಿತ್ತು ಅಂತ ಯಾರಾದ್ರೂ ಕೇಳಿದ್ರಾ? ಗಂಡ ಸತ್ತವಳು, ಬಸುರಿ, ಕಾಯಿಲೆಯವನು, ಯಾರೇ ಆಗಲಿ ಹೊರಗಿನವರು ಊರಿಗೆ ಬಂದರೆ ತಳವಾರ ಹೋಗಿ ಬಾಗಿಲು ಬಡಿಯೋನು. ಯಾರ ಪೈಕಿ ಅಂತ ಕೇಳೋನು. ಊರಲ್ಲಿ ಯಾರೂ ಇಲ್ಲ ಅಂದ್ರೆ ಹೊತ್ತು ಮುಳುಗೋದರೊಳಗೆ ಗಡಿ ದಾಟಬೇಕು. ಇಲ್ಲಾಂದ್ರೆ ಅವರಿಗೆ ಅನ್ನ ಹಾಕೋ ಭಾರ ಊರ ತಲೆಗೆ ಬರುತ್ತಲ್ಲ. ಹಿಂದೆಯೇ ಕೋಲು ಊರಿಕೊಂಡು ಬಾವಿ ತನಕ ಬಿಟ್ಟು ಬರೋನು. ಹಿಮ ಬೀಳ್ತಿದ್ರೂ ಸರಿ. ಥೂ.

"ಯಾರ ಪೈಕಿ?"

ಡಾರ್ಕಸ್ ನನ್ನ ಕೈ ಹಿಡಿದಳು. ಅವಳ ಉಗುರು ನನ್ನ ಅಂಗೈಗೆ ನೆಟ್ಟಿತು. ಈ ಸಲ ಕಾರ್ಬಿ ಹೆಸರು ಎತ್ತಲಿಲ್ಲ.

"ಹೆಪ್ಸಿ ಮಗಳು."

ಟಣ್. "ಹೆಪ್ಸಿ ಯಾರ ಪೈಕಿ?"

"ರೂತ್ ಮಗಳು."

ಟಣ್. "ರೂತ್ ಯಾರ ಪೈಕಿ?"

ಬಿಡಲಿಲ್ಲ ಬಡ್ಡಿಮಗ. ಇವಳೂ ಬಿಡಲಿಲ್ಲ. ವರ್ಷಗಟ್ಟಲೆ ಹುಡುಕಿದ್ದೆಲ್ಲ ನಾಲಿಗೆ ತುದಿಯಲ್ಲಿತ್ತಲ್ಲ, ಒಬ್ಬೊಬ್ಬಳೇ ತಾಯಿಯ ಹೆಸರು ಹೇಳ್ತಾ ಹೋದಳು. ಒಂದೊಂದು ಹೆಸರಿಗೂ ಆ ಸದ್ದು ಒಂದು ಮಾರು ಹತ್ತಿರ. ಬಾವಿ ಕಾಣೋ ಹೊತ್ತಿಗೆ ಹೆಸರುಗಳು ಮುಗಿದುಹೋದವು.

"ಪೇಷನ್ಸ್... ಯಾರ ಪೈಕಿ?"

ನನ್ನ ಕತ್ತಿನ ಮೇಲೆ ಯಾರದೋ ತಣ್ಣನೆ ಉಸಿರು.

ಆಗ ಮುಂದಿನಿಂದ... ಬಾವಿ ಕಡೆಯಿಂದ... ಒಂದು ಹೆಂಗಸಿನ ದನಿ. ಚಳಿಗೆ ಹಲ್ಲು ಕಟಕಟ ಅಂತಿತ್ತು.

"ನನ್ನ ಪೈಕಿ."

ಅಷ್ಟೇ. ಹಿಂದಿನ ಸದ್ದು ನಿಂತುಹೋಯ್ತು. ನಾವು ಬಾವಿ ಕಡೆ ನೋಡದೆ ಓಡಿದ್ವಿ. ನಾನು ಈ ವಯಸ್ಸಲ್ಲಿ ಹಾಗೆ ಓಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ.

ಚಿಕ್ಕಮ್ಮ ಎದ್ದೇ ಇದ್ದಳು. ಡಾರ್ಕಸ್ ಮಂಚದ ಹತ್ತಿರ ಕುಸಿದು ಕೂತು ಅಳ್ತಾ ಅಳ್ತಾ ಎಲ್ಲಾ ಹೇಳಿದಳು. ನಾವು ಕಾರ್ಬಿಗಳಲ್ಲ. ಪೇಷನ್ಸ್‌ನ ಹೆತ್ತವಳನ್ನ ಆ ಎಲ್ನಾಥನ್ ಹಿಮದಲ್ಲಿ ಬಾವಿಯಾಚೆಗೆ ಓಡಿಸಿ, ಮಗುವನ್ನ ತನ್ನ ಮನೆ ಚಾಕರಿಗೆ ಇಟ್ಟುಕೊಂಡಿರಬೇಕು. ಇಷ್ಟು ಗೊತ್ತಾದ ಮೇಲೆ ಗುಡ್ಡದ ಜಾಗ ಯಾವ ಮುಖ ಇಟ್ಟುಕೊಂಡು ಕೇಳಲಿ ಅಂದಳು. ಚಿಕ್ಕಮ್ಮ ಮಗಳ ತಲೆ ಸವರಿದಳು. ಆಮೇಲೆ ನಿಧಾನವಾಗಿ ಹೇಳಿದಳು, "ಅವಳ ಕೈ ತಣ್ಣಗಿರುತ್ತೆ, ಕೈಗವಸು ಇಟ್ಟು ಬಾ ಅಂತ ನಮ್ಮಮ್ಮ ಹೇಳ್ತಿದ್ದಳು ಕಣೇ. ಯಾರ ಕೈ ಅಂತ ನಾನೂ ಕೇಳಲಿಲ್ಲ."

ಡಾರ್ಕಸ್ ಎದ್ದು ಡ್ರಾಯರ್‌ನಿಂದ ಕೆಂಪು ಕೈಗವಸು ತಂದಳು. ಈಗಲೇ ಇಟ್ಟು ಬರ್ತೀನಿ ಅಂತ ಹೊರಟವಳನ್ನ ಚಿಕ್ಕಮ್ಮ ತಡೆದಳು. "ಬೇಡ. ನಾನು ಹೋಗುವಾಗ ನನ್ನ ಕೈಗೇ ಹಾಕಿ. ಬಾವಿ ಪಕ್ಕದಲ್ಲೇ ಮಲಗಿಸಿ. ನಾನೇ ಕೊಡ್ತೀನಿ."

ಆ ವಾರದಲ್ಲೇ ಎಲಿಯಟ್ ಮನೆಗೆ ಬಂದ. ಟೋಪಿ ಕೈಯಲ್ಲಿ ಹಿಡಿದು, ಕಮಿಟಿ ಒಪ್ಪಿದೆ, ಗುಡ್ಡದ ಜಾಗ ನಿಮ್ಮದೇ ಅಂದ. ಯಾಕೆ ಮನಸ್ಸು ಬದಲಾಯ್ತು ಅಂತ ಹೇಳಲಿಲ್ಲ. ಮುಖ ಮಾತ್ರ ನಿದ್ದೆಗೆಟ್ಟವನ ಹಾಗಿತ್ತು. ಅವನಿಗೂ ಆ ಸದ್ದು ಕೇಳಿಸಿತ್ತೋ ಏನೋ, ನನಗೆ ಇವತ್ತಿಗೂ ಅನುಮಾನ. "ನೀನೇ ಇಟ್ಕೋ ಎಲಿಯಟ್, ನನಗೆ ಬೇರೆ ಕಡೆ ನೆಂಟರು ಸಿಕ್ಕಿದಾರೆ" ಅಂದುಬಿಟ್ಟಳು ಚಿಕ್ಕಮ್ಮ.

ಹೊಸ ವರ್ಷ ಹುಟ್ಟೋ ಮುಂಚೆ ಹೋಗಿಬಿಟ್ಟಳು. ಬಾವಿಯಾಚೆ ನನ್ನದೇ ನೆಲ ಅಲ್ವಾ, ಟೌನ್ ಹಾಲಿನವರ ಒಪ್ಪಿಗೆ ಪಡೆದು ಅಲ್ಲೇ ಜಾಗ ಕೊಟ್ಟೆ. ಪೈನ್ ಹಲಗೆಯ ಪೆಟ್ಟಿಗೆ ನಾನೇ ಮಾಡಿದೆ. ಡಾರ್ಕಸ್‌ಗೆ ಕೈ ಬರಲಿಲ್ಲ, ಕೈಗವಸೂ ನಾನೇ ತೊಡಿಸಿದೆ. ಬಲಗೈದು ನನ್ನ ಉಂಗುರಕ್ಕೆ ಸಿಕ್ಕಿ ಒಂದೆಳೆ ಬಿಚ್ಚಿಕೊಂಡಿತು. ಜೇಬಲ್ಲಿದ್ದ ಮೀನುಗಾಳದ ದಾರದಿಂದ ಗಂಟು ಹಾಕಿದೆ. ಮುಚ್ಚಳಕ್ಕೆ ತಿರುಪು ಬಿಗಿದವನೂ ನಾನೇ. ಹೂತದ್ದನ್ನ ಊರೇ ನೋಡಿತು.

ಮಾರನೇ ಬೆಳಿಗ್ಗೆ ಎಲಿಯಟ್ ಫೋನ್ ಮಾಡಿದ. ದನಿ ಕೆಳಗಿತ್ತು. "ಅಮೋಸ್, ಟೌನ್ ಹಾಲಿಗೆ ಬಾ. ಒಬ್ಬನೇ ಬಾ."

ಗಾಜಿನ ಪೆಟ್ಟಿಗೆಗೆ ಬೀಗ ಹಾಕಿದ ಹಾಗೇ ಇತ್ತು. ಕೀಲಿ ಅವನ ಕೊರಳಲ್ಲಿ. ಒಳಗೆ ಕೋಲು ಎಂದಿನ ಹಾಗೆ ಮಲಗಿತ್ತು. ಅದರ ಹಿತ್ತಾಳೆ ತುದಿಗೆ ಯಾರೋ ಕೆಂಪು ಕೈಗವಸು ತೊಡಿಸಿದ್ದರು, ಮಗುವಿನ ಕೈಗೆ ತೊಡಿಸಿದ ಹಾಗೆ, ಮಣಿಕಟ್ಟಿನ ತನಕ ಎಳೆದು. ಒಂದೇ. ಬಲಗೈದು. ನನ್ನ ಗಂಟು ಅದರ ಮೇಲಿತ್ತು.

ಎಲಿಯಟ್ ಬೀಗ ತೆಗೆದ. ಮುಟ್ಟೋಕೆ ಅವನಿಗೆ ಧೈರ್ಯ ಸಾಲಲಿಲ್ಲ. ನಾನು ಮುಟ್ಟಿದೆ. ತೆಗೀಲಿಲ್ಲ. ಅವನೂ ತೆಗೆಯೋಣ ಅನ್ನಲಿಲ್ಲ, ಸುಮ್ಮನೆ ಮತ್ತೆ ಬೀಗ ಹಾಕಿದ. ಇನ್ನೊಂದು ಎಲ್ಲಿದೆ ಅಂತ ನಾವು ಹುಡುಕಲಿಲ್ಲ.

ನಂಬಿಕೆ ಬರಲಿಲ್ವಾ? ಹೋದ ಊರಹಬ್ಬದ ಮೆರವಣಿಗೆಯಲ್ಲಿ ನೀವೇ ಕಣ್ಣಾರೆ ನೋಡಿದೀರಲ್ಲ. ಎಲಿಯಟ್ ಆ ತಳವಾರನ ಕೋಲಿಗೆ ಕೆಂಪು ಕೈಗವಸು ಹಾಕ್ಕೊಂಡು ಬಂದ, ಮುದುಕನಿಗೆ ತಲೆ ಕೆಟ್ಟಿದೆ ಅಂತ ನಕ್ಕಿರಲ್ಲ. ರಸ್ತೆ ಉದ್ದಕ್ಕೂ ಕೋಲು ಊರಿದ, ಒಂದು ಸಲವಾದ್ರೂ ಸದ್ದು ಬಂತಾ? ಇನ್ನೇನು ಹೇಳಲಿ. ಪೆಟ್ಟಿಗೆ ತೆಗೆದ ಆ ಬೆಳಿಗ್ಗೆ ಟೌನ್ ಹಾಲಲ್ಲಿ ಹೀಟರ್ ಹಾಕಿರಲಿಲ್ಲ, ಗಾಜಿನ ಮೇಲೆ ಮಂಜು ಕಟ್ಟಿತ್ತು. ಆ ಕೈಗವಸಿನ ಒಳಗೆ ಬೆರಳು ತೂರಿಸಿ ನೋಡಿದವನು ನಾನು. ಬೆಚ್ಚಗಿತ್ತು.