ಪೂರ್ವದ ಗೇಟಿನ ಬೀಗದ ಕೈ

ಪಶ್ಚಿಮ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರೇ, ಈ ಕಾರ್ಯಕ್ರಮಕ್ಕಾಗಿ ವಾರದಿಂದ ಓಡಾಡಿ ದನಿ ಕಳೆದುಕೊಂಡಿರುವ ಕಾರ್ಯದರ್ಶಿ ಮೇಡಂ ಅವರೇ, ನಗರಸಭೆಯಿಂದ ಬಂದಿರುವ ಹಾಲಿ ಅಧಿಕಾರಿಗಳೇ, ಮತ್ತು ಯಾವ ಕ್ಷಣದಲ್ಲಾದರೂ ಎದ್ದು ಹೋಗಲು ಅನುಕೂಲವಾಗುವಂತೆ ಬಾಗಿಲ ಪಕ್ಕದಲ್ಲೇ ಕುಳಿತಿರುವ ಜಾಣ ಸಭಿಕರೇ,

ಈ ಮೈಕನ್ನು ಸ್ವಲ್ಪ ಆಚೆ ಸರಿಸುತ್ತೇನೆ. ನಗರಸಭೆ ನೌಕರರ ನಾಟಕಗಳಲ್ಲಿ ಹದಿನಾಲ್ಕು ವರ್ಷ ರಾಜನ ಪಾತ್ರ ಮಾಡಿದ ಗಂಟಲು ಇದು. ರಾಜನಿಗೆ ಈಗ ಈ ವೇದಿಕೆಯ ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ದನಿ ಮಾತ್ರ ನಿವೃತ್ತಿಯ ಆದೇಶವನ್ನು ಇನ್ನೂ ಸ್ವೀಕರಿಸಿಲ್ಲ. ಉದ್ಯಾನದ ಕಡೆಯ ಕಿಟಕಿಗಳು ತೆರೆದಿವೆ ತಾನೇ? ಇರಲಿ, ಹಾಗೇ ಇರಲಿ.

ಸನ್ಮಾನ ಎಂದಿರಿ, ಬಂದೆ. ಫಲಕದ ಮೇಲೆ 'ಉದ್ಯಾನದಾತ' ಎಂದು ಕೆತ್ತಿಸಿದ್ದೀರಿ. ನನ್ನ ಮನೆಯಲ್ಲಿ ಇದುವರೆಗೆ ಒಂದು ಹೂಕುಂಡ ಬದುಕಿ ಉಳಿದಿಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ನನಗೆ ಮೂರು ಕೆಲಸ ಹಚ್ಚಿದ್ದೀರಿ: ಮಾತಾಡಬೇಕು, ಮೇಜಿನ ಮೇಲಿರುವ ಈ ಕಾಗದಕ್ಕೆ ಸಹಿ ಹಾಕಬೇಕು, ಆಮೇಲೆ ಉದ್ಯಾನದ ಹೊಸ ಗೇಟನ್ನು ತೆರೆಯಬೇಕು. ಬೀಗದ ಕೈ ಆಗಲೇ ನನ್ನ ಜೇಬಿನಲ್ಲಿದೆ. ಒಂದು ಗೊಂಚಲು, ಎರಡು ಕೈ. ಕೊಡುವಾಗ ಅಧ್ಯಕ್ಷರು ಹೇಳಿದರು: "ದೊಡ್ಡದು ನಮ್ಮ ಗೇಟಿಂದು ಸಾರ್. ಚಿಕ್ಕದು ಪೂರ್ವದ ಗೇಟಿಂದು. ಅದನ್ನ ಬಿಡಿ, ಅಲ್ಲಿ ಇನ್ನೇನು ಗೋಡೆ ಬರುತ್ತೆ."

ಗೊತ್ತಿಲ್ಲದವರಿಗೆ ಈ ಕಾಗದದ ವಿಷಯ ಹೇಳಿಬಿಡುತ್ತೇನೆ. ಪಶ್ಚಿಮ ಬಡಾವಣೆಗೂ ಪೂರ್ವ ಬಡಾವಣೆಗೂ ನಡುವೆ ಇರುವುದು ಇದೊಂದೇ ಉದ್ಯಾನ. ಇದು ಪಶ್ಚಿಮದವರಿಗೆ ಮಾತ್ರ ಸೇರಿದ್ದು ಎಂದು ನಾನು ಬರೆದುಕೊಟ್ಟರೆ, ತಿಂಗಳಿಂದ ಬೀಗ ಬಿದ್ದಿರುವ ಪೂರ್ವದ ಗೇಟನ್ನು ಕಿತ್ತು ಗೋಡೆ ಕಟ್ಟಲು ನಗರಸಭೆ ಒಪ್ಪುತ್ತದೆ. ನನ್ನ ಮಾತೇ ಯಾಕೆ ಬೇಕು? ಯಾಕೆಂದರೆ ಎರಡೂ ಬಡಾವಣೆಗಳ ಮೂಲ ನಕ್ಷೆಗಳನ್ನು ಗೆದ್ದಲು ತಿಂದು ಮುಗಿಸಿದೆ. ಗೆದ್ದಲು ಬಾಯಿ ಹಾಕದೆ ಉಳಿದಿರುವ ದಾಖಲೆ ಎಂದರೆ ನಾನೊಬ್ಬನೇ.

ನಾನು ನಕ್ಷೆ ಶಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದೆ. ಕಚೇರಿಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಹಸಿರು ಪೆನ್ಸಿಲ್' ಎನ್ನುತ್ತಿದ್ದರು. ಯಾರೇ ಹೊಸ ಬಡಾವಣೆ ಮಾಡಲಿ, ಹತ್ತರಲ್ಲಿ ಒಂದು ಪಾಲು ನೆಲವನ್ನು ಉದ್ಯಾನಕ್ಕೆಂದು ನಗರಸಭೆಗೆ ಬಿಟ್ಟುಕೊಡಬೇಕು. ಆ ಪಾಲಿಗೆ ಹಸಿರು ಬಣ್ಣ ಹಚ್ಚುವುದು ನನ್ನ ಕೆಲಸ. ಬಣ್ಣ ಬಿದ್ದರೆ ಉದ್ಯಾನ ಇದೆ ಎಂದರ್ಥ. ಎಂಥೆಂಥ ಉದ್ಯಾನಗಳು ಬಂದವು ನನ್ನ ಮೇಜಿಗೆ! ದಪ್ಪ ವಿದ್ಯುತ್ ತಂತಿಗಳ ಕೆಳಗಿನದು. ಚರಂಡಿಯ ಎರಡೂ ದಂಡೆಯದು. ಒಂದು ನಾಯಿ ಒಳಗೆ ಹೋದರೆ ತಿರುಗಲಾಗದೆ ಹಿಂದೆ ಹಿಂದೆಯೇ ನಡೆದು ಬರಬೇಕಾದಂಥ ತ್ರಿಕೋನ ಮೂಲೆಗಳು. ಎಲ್ಲಕ್ಕೂ ಹಚ್ಚಿದೆ. ವಾರ್ಷಿಕೋತ್ಸವದಲ್ಲಿ ಮೂರು ಅಂಕಗಳ ಉದ್ದಕ್ಕೂ ರಾಜ್ಯವನ್ನೇ ದಾನ ಮಾಡಿ ಚಪ್ಪಾಳೆ ಗಿಟ್ಟಿಸಿದವನು ನಾನು. ಮರುದಿನ ಮೇಜಿಗೆ ಬಂದು ನನ್ನದಲ್ಲದ ನೆಲವನ್ನು ನನ್ನವರಲ್ಲದ ಜನರಿಗೆ ದಾನ ಮಾಡುತ್ತಿದ್ದೆ. ಯಾವುದು ನಾಟಕ, ಯಾವುದು ನೌಕರಿ? ನನಗೆ ಕಡೆಯವರೆಗೂ ಬಗೆಹರಿಯಲಿಲ್ಲ.

ಬೇಸರವಾಯಿತೇ? ನನಗೂ ಆಗಿದೆ. ಬೆಳಿಗ್ಗೆಯಿಂದಲೇ ಆಗಿದೆ.

ನನ್ನ ಹೆಂಡತಿಗೆ ಮೂರು ತಿಂಗಳ ಹಿಂದೆ ಮಂಡಿಯ ಆಪರೇಷನ್ ಆಯಿತು. ಸಿಮೆಂಟಿನ ಮೇಲೆ ಬೇಡ, ಮಣ್ಣಿನ ಮೇಲೆ ದಿನಕ್ಕೆ ಅರ್ಧ ಗಂಟೆ ನಡೆಸಿ ಎಂದರು ಡಾಕ್ಟರು. ನಮ್ಮ ಮನೆ ಪೂರ್ವ ಬಡಾವಣೆಯಲ್ಲಿದೆ. ಹೌದು, ನಿಮ್ಮ ಉದ್ಯಾನದಾತ ಪೂರ್ವದವನು. ಆಹ್ವಾನ ಪತ್ರಿಕೆ ಕೊಡಲು ಬಂದವರು ವಿಳಾಸ ನೋಡಿ ನಮ್ಮ ಮನೆಯ ಗೇಟಿನಲ್ಲೇ ಪತ್ರಿಕೆಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿಕೊಂಡರು. ಪೂರ್ವದ ಗೇಟಿಗೆ ಬೀಗ ಬಿದ್ದಿದೆಯಲ್ಲ, ಇವತ್ತು ಬೆಳಿಗ್ಗೆ ಅವಳು ಕೋಲೂರಿಕೊಂಡು ಸುತ್ತು ಹಾಕಿ ಈ ಕಡೆಯಿಂದ ಬಂದಳಂತೆ. ನಿಮ್ಮ ಬಡಾವಣೆಯ ಕಾವಲುಗಾರ ಸಂಘದ ಕಾರ್ಡ್ ಕೇಳಿದನಂತೆ. "ನಮ್ಮನೆಯವರಿಗೇ ಇವತ್ತು ಇಲ್ಲಿ ಸನ್ಮಾನ ಕಣಪ್ಪ" ಅಂದಳಂತೆ ಇವಳು. "ಅವರನ್ನ ಬಿಡ್ತೀನಮ್ಮ, ಅವರ ಹೆಸರು ಪಟ್ಟೀಲಿದೆ. ನಿಮ್ಮದಿಲ್ಲ" ಅಂದನಂತೆ. ಅವನನ್ನು ಬೈಯಬೇಡಿ. ಪಟ್ಟಿಯಲ್ಲಿ ಇದ್ದದ್ದನ್ನು ನಂಬಿ ಬದುಕಿದ ಮನುಷ್ಯನೇ ನಾನೂ.

ಅವಳ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವಳದು ಟೈಲರಿಂಗ್. ರಾಜನ ನಿಲುವಂಗಿಗಳೆಲ್ಲ ಅವಳು ಹೊಲಿದದ್ದು.

ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಭಾನುವಾರ. ಈ ಎರಡೂ ಬಡಾವಣೆಗಳ ನಕ್ಷೆಗಳನ್ನು ಬಣ್ಣ ಹಚ್ಚಲು ಮನೆಗೆ ತಂದಿದ್ದೆ. ನಮ್ಮ ಕಚೇರಿಯಲ್ಲಿ ಒಂದು ನಿಯಮವಿತ್ತು: ಒಂದು ಮೇಜಿನ ಮೇಲೆ ಒಂದೇ ಕಡತ. ಒಂದರ ಹಾಳೆ ಇನ್ನೊಂದಕ್ಕೆ ಬೆರೆಯಬಾರದು ಎಂದು ಸಾಹೇಬರ ಕಟ್ಟಪ್ಪಣೆ. ಹಾಗಾಗಿ ಪಕ್ಕಪಕ್ಕದ ಎರಡು ಬಡಾವಣೆಗಳು ನಮ್ಮಲ್ಲಿ ಒಂದರ ಮುಖ ಒಂದು ನೋಡಿದ್ದೇ ಇಲ್ಲ. ಪಶ್ಚಿಮ ಬಡಾವಣೆ ಮಾಡಿಸಿದವರು ಒಬ್ಬರು, ಪೂರ್ವದ್ದನ್ನು ಮಾಡಿಸಿದವರು ಅವರ ಮೈದುನ. ಪಶ್ಚಿಮದ ಹಾಳೆಯ ಬಲ ಅಂಚಿಗೆ ಹಸಿರು ಹಚ್ಚಿದೆ. ಪೂರ್ವದ ಹಾಳೆಯ ಎಡ ಅಂಚಿಗೆ ಹಸಿರು ಹಚ್ಚಿದೆ. ಕೈ ತೊಳೆಯಲು ಹೋದೆ.

ಬಂದು ನೋಡಿದರೆ ಅವಳು ಬಟ್ಟೆಯ ತುಂಡುಗಳನ್ನು ಜೋಡಿಸುವ ಹಾಗೆ ಎರಡೂ ಹಾಳೆಗಳ ಅಂಚನ್ನು ಸೇರಿಸಲು ನೋಡುತ್ತಿದ್ದಾಳೆ. ಪಕ್ಕಪಕ್ಕ ಇಟ್ಟರೆ ಕೂಡುತ್ತಿಲ್ಲ. ಒಂದರ ಮೇಲೊಂದು ಸರಿಸಿದಳು. ಹಸಿರಿನ ಮೇಲೆ ಹಸಿರು ಗೆರೆ ತಪ್ಪದೆ ಕೂತಿತು. ಅದೇ ಬಾವಿ, ಅದೇ ಎರಡು ಮರ, ಅದೇ ಸೊಟ್ಟ ಬೇಲಿ.

"ರೀ, ಒಂದೇ ತುಂಡು ಬಟ್ಟೇಲಿ ಇಬ್ಬರ ಅಂಗಿಗೂ ತೋಳು ಲೆಕ್ಕ ಹಾಕಿದ್ದೀರಲ್ಲ. ಹೊಲಿಯೋವಾಗ ಒಬ್ಬರಿಗೆ ತೋಳಿರಲ್ಲ."

ನಾನು ಏನೆಂದೆ? "ಸೂಜಿ ಹಿಡಿಯೋಳಿಗೆ ನಕ್ಷೆ ಏನು ಗೊತ್ತಾಗುತ್ತೆ, ಕಾಫಿ ಕೊಡು" ಎಂದೆ. ಕೊಟ್ಟಳು.

ಗೊತ್ತಾಗಿತ್ತು ಸಭಿಕರೇ, ನನಗೆ ಆ ಕ್ಷಣಕ್ಕೇ ಗೊತ್ತಾಗಿತ್ತು. ಎರಡು ಉದ್ಯಾನ ಕೊಡಬೇಕಾದಲ್ಲಿ ಭಾವ ಮೈದುನ ಸೇರಿ ಒಂದೇ ಉದ್ಯಾನವನ್ನು ಎರಡು ಸಲ ತೋರಿಸಿದ್ದರು. ಮೊದಲು ಬಣ್ಣ ಹಚ್ಚಿದ್ದು ನನ್ನ ಎಚ್ಚರಗೇಡಿತನ. ಆಮೇಲೂ ಸುಮ್ಮನಿದ್ದದ್ದು? ಸಾಹೇಬರು ಇನ್ನೂ ಸಹಿ ಹಾಕಿರಲಿಲ್ಲ. ಸೋಮವಾರ ಹೇಳಬೇಕೆಂದುಕೊಂಡೆ, ಅಂದು ಸಾಹೇಬರ ಮುಖ ಚೆನ್ನಾಗಿರಲಿಲ್ಲ. ಮಂಗಳವಾರ ನನ್ನ ಮುಖ ಚೆನ್ನಾಗಿರಲಿಲ್ಲ. ಬುಧವಾರ ಸಹಿ ಬಿತ್ತು. ಮುಂದಿನ ತಿಂಗಳು ಪೂರ್ವ ಬಡಾವಣೆಯಲ್ಲಿ ನನಗೊಂದು ಮೂಲೆ ಸೈಟು ಸಿಕ್ಕಿತು. ಹೇಗೆ ಸಿಕ್ಕಿತು ಎಂದು ಅವಳು ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ಇದನ್ನು ಹೇಳಬೇಕೆಂದು ಬರೆದು ತಂದಿರಲಿಲ್ಲ. ಬರೆದು ತಂದ ಭಾಷಣದಲ್ಲಿ ಗಿಡಗಳ ಮಹತ್ವದ ಬಗ್ಗೆ ಎರಡು ಪುಟ ಇದೆ, ಬೇಕಾದವರು ಆಮೇಲೆ ತೆಗೆದುಕೊಳ್ಳಿ.

ಇಲ್ಲದ ಆ ಇನ್ನೊಂದು ಉದ್ಯಾನ ಎಲ್ಲಿ ಹೋಯಿತು? ಎರಡೂ ಕಡೆ ಹೆಚ್ಚುವರಿ ಸೈಟುಗಳಾಗಿ ಹೋಯಿತು. ಅವುಗಳ ಮೇಲೆ ಮನೆಗಳು ಎದ್ದಿವೆ, ಅಲ್ಲಿ ಮಕ್ಕಳು ಹುಟ್ಟಿ ಬೆಳೆದಿದ್ದಾರೆ. ಯಾರ ಮನೆಯನ್ನೂ ಕೆಡವಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ಶಕ್ತಿ ನನಗೂ ಇಲ್ಲ, ನಗರಸಭೆಗೂ ಇಲ್ಲ. ಅಧ್ಯಕ್ಷರೇ, ಗಡಿಯಾರ ತೋರಿಸಬೇಡಿ, ಮುಗಿಸುತ್ತಿದ್ದೇನೆ. ಪೂರ್ವದವರು ಪರರ ಉದ್ಯಾನಕ್ಕೆ ನುಗ್ಗುತ್ತಾರೆ ಎಂದು ನೀವು ದೂರಿದ್ದೀರಿ. ಅವರು ತಮ್ಮ ತೋಳನ್ನು ಹುಡುಕಿಕೊಂಡು ಬರುತ್ತಿದ್ದಾರೆ, ಅಷ್ಟೆ.

ಈ ಕಾಗದದ ಮೇಲೆ 'ಪಶ್ಚಿಮ ಬಡಾವಣೆಗೆ ಮಾತ್ರ' ಎಂದು ಟೈಪ್ ಮಾಡಿಸಿದ್ದೀರಿ. ನೋಡಿ, 'ಮಾತ್ರ' ಎಂಬುದನ್ನು ಹೊಡೆದು ಹಾಕುತ್ತಿದ್ದೇನೆ. 'ಮತ್ತು ಪೂರ್ವ ಬಡಾವಣೆಗೆ' ಎಂದು ಕೈಯಲ್ಲಿ ಬರೆಯುತ್ತಿದ್ದೇನೆ. ಯಾಕೆ ಹೀಗಾಯಿತು ಎಂಬುದನ್ನು ಹಾಳೆಯ ಬೆನ್ನಿಗೆ ನಾಲ್ಕು ಸಾಲು ಬರೆಯುತ್ತಿದ್ದೇನೆ, ಸೈಟಿನ ಸಂಗತಿಯನ್ನೂ ಸೇರಿಸಿ. ಸಹಿ ಇಲ್ಲಿದೆ. ಅಧಿಕಾರಿಗಳೇ, ಇದನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಗೆದ್ದಲಿಗೆ ಸಿಗದಂತೆ. ಫಲಕ ಇಲ್ಲೇ ಇರಲಿ. ಅದರ ಹಿಂಬದಿ ನುಣುಪಾಗಿದೆ, ಬೇರೆಯವರಿಗೆ ಬರುತ್ತದೆ.

ಇಂದು ಹೊರಡುವಾಗ ಅವಳನ್ನೂ ಕರೆದೆ. "ನಾನು ಬರಲ್ಲ. ಪೂರ್ವದ ಗೇಟಿನ ಹೊರಗೆ ಕಟ್ಟೆ ಇದೆಯಲ್ಲ, ಅಲ್ಲೇ ಕೂತಿರ್ತೀನಿ. ನಿಮ್ಮ ಗಂಟಲು ಅಲ್ಲೀವರೆಗೂ ಕೇಳುತ್ತೆ" ಎಂದಳು. ಅದಕ್ಕೇ ಕಿಟಕಿ ತೆರೆದಿದೆಯೇ ಎಂದು ಕೇಳಿದ್ದು. ಅದಕ್ಕೇ ಮೈಕು ಸರಿಸಿದ್ದು.

ಕರೆದವರಿಗೆ, ಕುರ್ಚಿ ಹಾಕಿದವರಿಗೆ, ಇಷ್ಟು ಹೊತ್ತು ಸಹಿಸಿದವರಿಗೆ, ಪಟ್ಟಿಯಲ್ಲಿ ನೋಡಿ ನನ್ನನ್ನು ಒಳಗೆ ಬಿಟ್ಟ ಕಾವಲುಗಾರನಿಗೆ ಧನ್ಯವಾದಗಳು. ದೊಡ್ಡ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟಿದ್ದೇನೆ, ನಿಮ್ಮ ಗೇಟನ್ನು ನೀವೇ ತೆರೆದುಕೊಳ್ಳಿ. ಚಿಕ್ಕದನ್ನು ನಾನು ಒಯ್ಯುತ್ತಿದ್ದೇನೆ.

ಏ, ಕೇಳಿಸ್ತೇನೇ? ಕಟ್ಟೆಯಿಂದ ಏಳಬೇಡ, ಕೋಲು ಜಾರುತ್ತೆ. ನಾನೇ ಬರ್ತಿದ್ದೀನಿ.

ಎಲ್ಲರಿಗೂ ನಮಸ್ಕಾರ.